ನೂರಾ ಎಂಬತ್ತು ಗ್ರಾಂ

ನಾಸಿಕ್ ರೋಡ್
೧೪ ಜುಲೈ ೨೦೨೪

ನನ್ನ ಭಾಗ್ಯಾ,

ನಿಮ್ಮ ಊರಿನ ಹೆಸರು ಬರೆಯುವಷ್ಟರಲ್ಲೇ ಲಕೋಟೆಯ ಅರ್ಧ ಜಾಗ ಮುಗಿಯಿತು. ಛತ್ರಪತಿ ಸಂಭಾಜಿನಗರ ಎಂದು ಎರಡು ಸಾಲಿನಲ್ಲಿ ಬರೆದು ನಿನ್ನ ಹೆಸರನ್ನು ಮೂಲೆಗೆ ತುರುಕಿದ್ದೇನೆ. ತಲುಪಿದರೆ ಉತ್ತರ ಬರಿ. ತಲುಪದಿದ್ದರೂ ಬರಿ.

ಫೋನಿನಲ್ಲಿ ಮಾತಾಡೋಣ ಎಂದರೆ ನನ್ನ ಕಿವಿಯ ಹಣೆಬರಹ ನಿನಗೆ ಗೊತ್ತೇ ಇದೆ. ಫೋನು ಹತ್ತಿರ ತಂದರೆ ಕಿವಿಯ ಯಂತ್ರ ಕುಕ್ಕರಿನ ಹಾಗೆ ಸೀಟಿ ಹೊಡೆಯುತ್ತದೆ. ಅದಕ್ಕೇ ಕಾಗದ ಬರಿ ಎನ್ನುವುದು. ಮರಾಠಿ ಶಾಲೆಗೆ ಹೋಗುತ್ತಿದ್ದ ನಿನಗೆ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಕನ್ನಡ ತಿದ್ದಿಸಿದ್ದು ಸುಮ್ಮನೆ ಅಲ್ಲ. ಬಸವಕಲ್ಯಾಣದ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದವಳು ನಾನು. ಮೊಮ್ಮಗಳ ಕಾಗದಕ್ಕೂ ಕೆಂಪು ಪೆನ್ನು ಹಿಡಿಯುತ್ತೇನೆ, ಸಿಟ್ಟಾಗಬೇಡ.

ನೀನು ಬಾಕ್ಸಿಂಗ್ ಕಲಿಯಲು ಹಾಸ್ಟೆಲಿಗೆ ಹೋದ ಮೇಲೆ ಮನೆ ಭಣಭಣ ಎನ್ನುತ್ತಿದೆ. ನಿನ್ನವ್ವ ವಿದ್ಯಾವತಿ ಅಭ್ಯಾಸಬಲದಿಂದ ದಿನಾ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯುತ್ತಾಳೆ. ನಿನ್ನಪ್ಪ ಓಝರದ ವಿಮಾನ ಕಾರ್ಖಾನೆಯಿಂದ ಬಂದವನೇ ಮೊದಲು ಗ್ಯಾಸು ಬಂದಾಗಿದೆಯೇ ನೋಡುತ್ತಾನೆ, ಆಮೇಲೆ ಬಾಗಿಲ ಚಿಲಕ, ಆಮೇಲೆ ನಿನ್ನ ಖಾಲಿ ಮಂಚ. ವಿಮಾನದ ಬಿಡಿಭಾಗ ತಪಾಸಣೆ ಮಾಡುವವನು, ಮನೆಯನ್ನೂ ಬಿಡುವುದಿಲ್ಲ.

ಇನ್ನು ಮುಖ್ಯ ಮಾತು. ಲಿಂಗ ಕೊರಳಲ್ಲಿ ಇದೆ ತಾನೆ? ಅದು ನಮ್ಮತ್ತೆಯ ಕಾಲದ ಬೆಳ್ಳಿ ಕರಡಿಗೆ, ಭಾರ ಹೌದು, ನನಗೂ ಗೊತ್ತು. ಆದರೆ ಇಷ್ಟಲಿಂಗ ಮೈ ಬಿಟ್ಟು ಒಂದು ಗಳಿಗೆಯೂ ಇರಬಾರದು. ಮಲಗುವಾಗಲೂ ಅಷ್ಟೇ, ಓಡುವಾಗಲೂ ಅಷ್ಟೇ, ನಿಮ್ಮ ಆ ಗುದ್ದಾಟದ ಹೊತ್ತಿನಲ್ಲೂ ಅಷ್ಟೇ.

ಕೆನ್ನೆಗೆ ಒಂದು ಮುತ್ತು. ಪೆಟ್ಟು ಬೀಳದ ಕೆನ್ನೆಗೆ.

ನಿನ್ನ ಅಜ್ಜಿ
ಮಲ್ಲಮ್ಮ


ಸಂಭಾಜಿನಗರ
೪ ಆಗಸ್ಟ್ ೨೦೨೪

ಪ್ರೀತಿಯ ಅಜ್ಜಿ,

ಕಾಗದ ತಲುಪಿತು. ವಾರ್ಡನ್ ಮ್ಯಾಡಮ್ ಲಕೋಟೆ ಹಿಡಿದುಕೊಂಡು ಇಡೀ ಊಟದ ಹಾಲ್‌ನಲ್ಲಿ "ಭಾಗ್ಯಶ್ರೀಲಾ ಪತ್ರ ಆಲಂ" ಎಂದು ಕೂಗಿದರು. ಇಲ್ಲಿ ಯಾರಿಗೂ ಪತ್ರ ಬರುವುದಿಲ್ಲ. ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು.

ಬೆಳಿಗ್ಗೆ ಐದಕ್ಕೆ ಏಳುತ್ತೇವೆ. ಸ್ನಾನ, ನನ್ನ ಪೂಜೆ, ಆಮೇಲೆ ನೇರ ತೂಕದ ಯಂತ್ರ. ತುಕಾರಾಮ್ ಸರ್ ದಿನಾ ಎಲ್ಲರ ತೂಕ ವಹಿಯಲ್ಲಿ ಬರೆಯುತ್ತಾರೆ. ನಮ್ಮ ಕೋಚ್ ಅವರೇ. ಕೊರಳಲ್ಲಿ ತುಳಸಿಮಾಲೆ, ಬಾಯಲ್ಲಿ ಬೈಗುಳ, ಆಷಾಢದಲ್ಲಿ ಪಂಢರಪುರಕ್ಕೆ ನಡೆದುಕೊಂಡು ಹೋಗುತ್ತಾರೆ. ಆ ಬೈಗುಳ ಕೇಳಿದರೆ ವಿಠೋಬನೂ ಸೊಂಟದ ಮೇಲಿನ ಕೈ ತೆಗೆದು ಕಿವಿ ಮುಚ್ಚಿಕೊಳ್ಳುತ್ತಾನೆ.

ಈಗ ಎರಡು ತಿಂಗಳ ಕ್ಯಾಂಪಿಗೆ ಪುಣೆಯ ಭಾರ್ಗವಿ ಬಂದಿದ್ದಾಳೆ. ನನ್ನದೇ ವಯಸ್ಸು, ಹದಿನೇಳು. ಎರಡು ವರ್ಷದಿಂದ ರಾಜ್ಯದ ಚಾಂಪಿಯನ್. ಅವಳ ಪ್ರಾಕ್ಟೀಸಿಗೆ ಎದುರು ನಿಲ್ಲುವವಳು ನಾನು. ಜೋರಾಗಿ ತಿರುಗಿ ಹೊಡೆಯುವ ಹಾಗಿಲ್ಲ, ತಡೆಯಬೇಕು, ಪೆಟ್ಟು ತಿನ್ನಬೇಕು. ಅವಳು ಕೆಟ್ಟವಳಲ್ಲ ಅಜ್ಜಿ, ಮುಗಿದ ಮೇಲೆ ಬಾಳೆಹಣ್ಣು ಕೊಡುತ್ತಾಳೆ. ಆದರೆ ನನ್ನ ಹೆಸರು ಇನ್ನೂ ಕೇಳಿಲ್ಲ, "ಏ ನಾಸಿಕ್" ಎನ್ನುತ್ತಾಳೆ.

ಪೂಜೆ ಒಂದು ದಿನವೂ ತಪ್ಪಿಸಿಲ್ಲ.

ನಿನ್ನ
ಭಾಗ್ಯಾ


ನಾಸಿಕ್ ರೋಡ್
೮ ಸೆಪ್ಟೆಂಬರ್ ೨೦೨೪

ಭಾಗ್ಯಾ,

ಹನ್ನೊಂದು ತಪ್ಪು. ಒತ್ತಕ್ಷರಕ್ಕೂ ನಿನಗೂ ಏನು ಹಗೆ ಇದೆಯೋ ತಿಳಿಯದು. ಆದರೂ ಕಾಗದವನ್ನು ನಾಲ್ಕು ಸಲ ಓದಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಪೂಜೆ ಮಾಡುತ್ತೀಯೋ ಇಲ್ಲವೋ ಎಂದು ನಾನು ಕೇಳಿರಲಿಲ್ಲ. ಲಿಂಗ ಕೊರಳಲ್ಲಿ ಇರುತ್ತದೆಯೋ ಎಂದು ಕೇಳಿದ್ದೆ. ಪ್ರಶ್ನೆ ಒಂದು, ಉತ್ತರ ಇನ್ನೊಂದು ಬರೆಯುವ ಮಕ್ಕಳನ್ನು ಬಹಳ ನೋಡಿದ್ದೇನೆ ತಾಯಿ.

ಆ ಪುಣೆಯ ಹುಡುಗಿಗೆ ನಿನ್ನ ಹೆಸರು ಹೇಳು. ಕೇಳದಿದ್ದರೂ ಹೇಳು. ಪೆಟ್ಟು ತಿನ್ನುವುದಕ್ಕೇ ಒಬ್ಬಳನ್ನು ಇಟ್ಟುಕೊಳ್ಳುವುದು ಯಾವ ಊರಿನ ಆಟ? ಇದನ್ನು ನಿನ್ನಪ್ಪನಿಗೆ ಹೇಳಿಲ್ಲ. ಹೇಳಿದರೆ ಇವತ್ತೇ ಬಸ್ಸು ಹತ್ತಿ ಬಂದಾನು. ಅವನಿಗೆ ನೀನು ಅಲ್ಲಿ ಹಗ್ಗ ಜಿಗಿಯುತ್ತಿದ್ದೀಯ ಅಷ್ಟೇ.

ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿ ಕಳಿಸಿದ್ದೇನೆ. ಒಬ್ಬಳೇ ತಿನ್ನು, ಬಾಳೆಹಣ್ಣಿನ ಉಪಕಾರಕ್ಕೆ ಅವಳಿಗೆ ಒಂದು ಚಮಚ ಕೊಡು.

ಅಜ್ಜಿ


ಸಂಭಾಜಿನಗರ
೧೦ ನವೆಂಬರ್ ೨೦೨೪

ಪ್ರೀತಿಯ ಅಜ್ಜಿ,

ತಡವಾಯಿತು, ಬೈಯಬೇಡ. ಒಂದು ದೊಡ್ಡ ವಿಷಯ ಇದೆ. ನಿನಗೆ ಮೊದಲು ಬರೆಯುತ್ತಿದ್ದೇನೆ.

ಜನವರಿಯಲ್ಲಿ ಇಲ್ಲೇ ರಾಜ್ಯಮಟ್ಟದ ಸ್ಪರ್ಧೆ. ಈ ವರ್ಷ ಅಲ್ಲಿ ಪದಕ ಇಲ್ಲದಿದ್ದರೆ ಹಾಸ್ಟೆಲಿನ ನನ್ನ ಸೀಟು ಹೋಗುತ್ತದೆ. ಸರ್ ನೇರವಾಗಿ ಹೇಳಿದರು. ಸೀಟು ಹೋದರೆ ಬಾಕ್ಸಿಂಗೂ ಹೋಯಿತು, ನಾಸಿಕ್‌ನಲ್ಲಿ ಯಾರು ಕಲಿಸುತ್ತಾರೆ?

ಸರ್ ಒಂದು ದಾರಿ ಹೇಳಿದ್ದಾರೆ. ನಲವತ್ತೆಂಟು ಕಿಲೋದ ವರ್ಗಕ್ಕೆ ಇಡೀ ರಾಜ್ಯದಿಂದ ಬರುವವರು ನನ್ನನ್ನು ಸೇರಿಸಿ ನಾಲ್ವರೇ ಹುಡುಗಿಯರು. ನಾಲ್ವರು ಎಂದರೆ ಎಲ್ಲರೂ ನೇರ ಸೆಮಿಫೈನಲ್. ಬಾಕ್ಸಿಂಗಿನಲ್ಲಿ ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು ಕೊಡುತ್ತಾರೆ. ಅಂದರೆ ನಾನು ಒಂದೂ ಗೆಲ್ಲಬೇಕಾಗಿಲ್ಲ. ಒಳಗೆ ಹೋಗಿ ಹೊಡೆಸಿಕೊಂಡು ಬಂದರೂ ಕೊರಳಿಗೆ ಪದಕ, ಸೀಟು ಭದ್ರ. ನನ್ನ ತೂಕ ನಲವತ್ತೆಂಟರ ಆಚೆ ಈಚೆ ಆಡುತ್ತಿದೆ. ಸ್ವಲ್ಪ ಇಳಿಸಬೇಕು.

ಅದರ ಮೇಲಿನದು ಐವತ್ತೊಂದರ ವರ್ಗ. ಅಲ್ಲಿ ಭಾರ್ಗವಿ ಇದ್ದಾಳೆ. ಅವಳಿಗೆ ಹೆದರಿ ನಮ್ಮ ಕೇಂದ್ರದಿಂದ ಯಾರೂ ಹೆಸರು ಕೊಟ್ಟಿಲ್ಲ, ಜಾಗ ಖಾಲಿ ಇದೆ. ನಾನು ಸರ್‌ಗೆ "ನಾನು ಅಲ್ಲಿ ಆಡ್ಲಾ?" ಎಂದು ಕೇಳಿದೆ. ಅವರು ಅರ್ಧ ತಾಸು ಬೈದರು.

ಅಜ್ಜಿ, ಎರಡು ತಿಂಗಳು ಅವಳ ಎದುರು ನಿಂತವಳು ನಾನು. ಅವಳನ್ನು ನಾನು ಸೋಲಿಸಬಲ್ಲೆ ಎಂದು ನನಗೆ ಅನಿಸುತ್ತದೆ. ಹುಚ್ಚು ಅನಿಸುತ್ತದಾ? ನೀನು ಏನು ಹೇಳುತ್ತೀಯ?

ಭಾಗ್ಯಾ


ನಾಸಿಕ್ ರೋಡ್
೨೦ ನವೆಂಬರ್ ೨೦೨೪

ನನ್ನ ಭಾಗ್ಯಾ,

ಹುಚ್ಚಖೋಡಿ! ಕೇಳುವುದೇನು ಬಂತು? ನಲವತ್ತೆಂಟು ಎಂದು ಬರೆಸು.

ನಿನ್ನಪ್ಪನಿಗೂ ತುಕಾರಾಮ್ ಸರ್ ಫೋನು ಮಾಡಿದ್ದರು. ಅವನು ಖುಷಿಯಿಂದ ಗ್ಯಾಸನ್ನು ನೋಡುವುದನ್ನೂ ಮರೆತ. ಕ್ಯಾಲೆಂಡರಿನಲ್ಲಿ ಜನವರಿ ಹದಿನೆಂಟಕ್ಕೆ ಗುರುತು ಹಾಕಿ, ಪದಕ ಕೊಡುವ ದಿನ ರಜೆ ಹಾಕಿ ಬರುತ್ತಾನಂತೆ. ಅವನು ಹೆಣ್ಣುಮಗಳ ಬಾಕ್ಸಿಂಗಿಗೆ ಒಪ್ಪಿದ್ದೇ ಒಂದು ದೊಡ್ಡ ಮಾತು. ಅವನ ಧೈರ್ಯದ ಗಡಿಗೆ ಅಷ್ಟಕ್ಕೇ ಖಾಲಿಯಾಗಿದೆ. ಇನ್ನೂ ಕೇಳಬೇಡ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾನು ಮಕ್ಕಳಿಗೆ ಕಲಿಸಿದ್ದೇನೆ, ನಿನಗೆ ಬೇರೆ ಹೇಳಲೇ? ಕೈಗೆ ಬಂದ ತುತ್ತು ಬಾಯಿಗೆ ಹಾಕಿಕೋ. ಮೊದಲು ಸೀಟು ಉಳಿಸಿಕೋ, ಭಾರ್ಗವಿ ಎಲ್ಲಿಗೂ ಓಡಿ ಹೋಗುವುದಿಲ್ಲ.

ತೂಕ ಇಳಿಸುವುದಕ್ಕೆ ಉಪವಾಸ ಬೀಳಬೇಡ. ಮತ್ತೆ, ಲಿಂಗ? ಮೂರನೇ ಸಲ ಕೇಳುತ್ತಿದ್ದೇನೆ.

ಅಜ್ಜಿ


ಸಂಭಾಜಿನಗರ
೨ ಜನವರಿ ೨೦೨೫

ಪ್ರೀತಿಯ ಅಜ್ಜಿ,

ಎಳ್ಳಮಾವಾಸ್ಯೆಗೆ ನೀವು ಮಾಡಿದ ಭಜ್ಜಿ, ಸಜ್ಜಿರೊಟ್ಟಿ ಎಲ್ಲ ಅವ್ವ ಫೋಟೊದಲ್ಲಿ ತೋರಿಸಿದಳು. ನಾನು ಎರಡು ಚಪಾತಿ, ಅರ್ಧ ಬಟ್ಟಲು ಬೇಳೆ ತಿಂದೆ. ಇನ್ನೂ ಮುನ್ನೂರು ಗ್ರಾಂ ಇಳಿಯಬೇಕು.

ನೀನು ಹೇಳಿದಂತೆಯೇ ನಲವತ್ತೆಂಟಕ್ಕೆ ಹೆಸರು ಹೋಗಿದೆ. ಅಪ್ಪನಿಗೆ ಬಿಳಿ ಶರ್ಟ್ ಹಾಕಿಕೊಂಡು ಬರಲು ಹೇಳು.

ಭಾಗ್ಯಾ


ನಾಸಿಕ್ ರೋಡ್
೧೯ ಜನವರಿ ೨೦೨೫

ಭಾಗ್ಯಾ, ನನ್ನ ಬಂಗಾರ,

ಗೆದ್ದೆಯಂತೆ! ನಿನ್ನವ್ವ ನನ್ನ ಕಿವಿಯ ಹತ್ತಿರ ಬಂದು "ಭಾರ್ಗವೀನ ಸೋಲಿಸ್ಯಾಳ್ರೀ ಅತ್ತಿ, ಚಾಂಪಿಯನ್ನ ಸೋಲಿಸ್ಯಾಳ!" ಎಂದು ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿತು. ಆಮೇಲೆ ಮರುದಿನ ಸೋತೆಯಂತೆ, ಕಂಚು ಬಂತಂತೆ. ಇಷ್ಟೇ ನನಗೆ ಗೊತ್ತು. ಉಳಿದದ್ದನ್ನು ನೀನೇ ಬರೆಯಬೇಕು, ಒಂದೂ ಬಿಡದೆ.

ಆದರೆ ಮನೆಯಲ್ಲಿ ಗಾಳಿ ಚೆನ್ನಾಗಿಲ್ಲ. ಬುಧವಾರ ಮಧ್ಯಾಹ್ನ ತುಕಾರಾಮ್ ಸರ್ ಕಾರ್ಖಾನೆಗೆ ಫೋನು ಮಾಡಿದರಂತೆ. ಬೆಳಿಗ್ಗೆ ತೂಕದ ಹೊತ್ತಿನಲ್ಲಿ ನೀನು ಕೊರಳಿನ ಲಿಂಗ ತೆಗೆಯಲು ಒಪ್ಪಲಿಲ್ಲವಂತೆ. ಅದರ ತೂಕ ಸೇರಿ ನಲವತ್ತೆಂಟು ದಾಟಿತಂತೆ, ಅದಕ್ಕೇ ಭಾರ್ಗವಿಯ ವರ್ಗಕ್ಕೆ ಬಿದ್ದೆಯಂತೆ. ನಿನ್ನಪ್ಪ ಮನೆಗೆ ಬಂದು ಚಪ್ಪಲಿಯನ್ನೂ ಬಿಡಲಿಲ್ಲ. ನನಗೆ ಕೇಳಿಸುವುದಿಲ್ಲವೆಂದು ಪೇಪರಿನ ಅಂಚಿನಲ್ಲಿ ಬರೆದು ನನ್ನ ಮುಂದೆ ಹಿಡಿದ: "ನಿನ್ನ ಮಾತು ಕೇಳೇ ಆಕಿ ಲಿಂಗ ತೆಗೀಲಿಲ್ಲ. ಕೈಯಾಗಿನ ಪದಕ ಹೋತು. ಈಗ ಸಮಾಧಾನ ಆತಾ?"

ಎಪ್ಪತ್ನಾಲ್ಕು ವರ್ಷಕ್ಕೆ ಮಗನ ಕೈಯಿಂದ ಇಂಥ ಪತ್ರ ಓದಿದೆ. ಗುರುವಾರ ನೀನು ಗೆದ್ದ ಸುದ್ದಿ ಬಂದರೂ ಅವನ ಮುಖ ಸಡಿಲಾಗಲಿಲ್ಲ. ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಶರ್ಟನ್ನು ಮತ್ತೆ ಕಪಾಟಿಗೆ ಇಟ್ಟು ಶನಿವಾರ ಡ್ಯೂಟಿಗೆ ಹೋದ. ನೀನು ಬಾಗಿಲ ಕಡೆ ನೋಡಿರುತ್ತೀಯ ಎಂದು ನೆನೆದು ನಿನ್ನವ್ವ ಅತ್ತಳು, ನಾನೂ ಅತ್ತೆ.

ನನ್ನಿಂದ ನಿನ್ನ ಸೀಟು ಹೋಗುತ್ತಿತ್ತಲ್ಲ ಭಾಗ್ಯಾ. ಮೂರು ಮೂರು ಸಲ ಬರೆದು ನಿನ್ನ ತಲೆ ಕೆಡಿಸಿದೆ. ಒಂದು ಗಳಿಗೆ ತೆಗೆದಿದ್ದರೆ ಶಿವ ಏನೂ ಎದ್ದು ಹೋಗುತ್ತಿರಲಿಲ್ಲ. ಮುದುಕಿಯ ಮಾತನ್ನು ಇಷ್ಟು ಗಟ್ಟಿಯಾಗಿ ಹಿಡಿಯಬಾರದಿತ್ತು ಮಗಳೇ. ನನಗೆ ನಿದ್ದೆ ಹತ್ತುತ್ತಿಲ್ಲ.

ಅಜ್ಜಿ


ಸಂಭಾಜಿನಗರ
೨೬ ಜನವರಿ ೨೦೨೫

ಅಜ್ಜಿ,

ಅಳಬೇಡ. ನಿನ್ನ ತಪ್ಪು ಏನೂ ಇಲ್ಲ. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಆಟದ ಕಥೆ, ಒಂದೂ ಬಿಡದೆ.

ತೂಕ ಮುಗಿದ ಮೇಲೆ ಚೀಟಿ ಎತ್ತಿದರು. ನನ್ನನ್ನು ಸೇರಿಸಿ ಎಂಟು ಹುಡುಗಿಯರು. ಮೊದಲ ಪಂದ್ಯದಲ್ಲೇ ನನ್ನ ಎದುರು ಭಾರ್ಗವಿ. ಗೆದ್ದವರು ಸೆಮಿಫೈನಲ್‌ಗೆ, ಅಂದರೆ ಪದಕಕ್ಕೆ. ಸೋತವರು ಮನೆಗೆ. ತುಕಾರಾಮ್ ಸರ್ ಚೀಟಿ ನೋಡಿ ನೆಲದ ಮೇಲೆ ಕೂತೇ ಬಿಟ್ಟರು. ಭಾರ್ಗವಿ ನನ್ನನ್ನು ನೋಡಿ ನಕ್ಕು "ಅರೆ ನಾಸಿಕ್, ತೂ ಯಹಾಂ?" ಎಂದಳು. ನಾನು "ಮೇರಾ ನಾಮ್ ಭಾಗ್ಯಶ್ರೀ ಹೈ" ಎಂದೆ. ನೀನು ಹೇಳಲು ಹೇಳಿದ್ದೆಯಲ್ಲ, ನಾಲ್ಕು ತಿಂಗಳ ಮೇಲೆ ಹೇಳಿದೆ.

ಮೊದಲ ಸುತ್ತು ಪೂರ್ತಿ ಅವಳದೇ. ಐದು ಜನ ಜಡ್ಜ್‌ಗಳು, ಐವರೂ ಅವಳಿಗೇ ಕೊಟ್ಟರು. ನನ್ನ ಕೈ ತಡೆಯುವುದಕ್ಕೇ ಏಳುತ್ತಿತ್ತು, ಹೊಡೆಯುವುದಕ್ಕೆ ಏಳುತ್ತಲೇ ಇರಲಿಲ್ಲ. ಎರಡು ತಿಂಗಳು ಹಾಗೇ ರೂಢಿ ಮಾಡಿಸಿದ್ದರಲ್ಲ. ಮೂಲೆಗೆ ಬಂದಾಗ ಸರ್ ಬೈಯಲಿಲ್ಲ. ನೀರು ಕುಡಿಸಿ ಮೆಲ್ಲಗೆ "ಭಾಗ್ಯಾ, ಆಜ್ ತೂ ಪಾರ್ಟನರ್ ನಾಹೀಸ್" ಎಂದರು. ಇವತ್ತು ನೀನು ಅವಳ ಪಾರ್ಟನರ್ ಅಲ್ಲ ಎಂದು. ಅವರು ಬೈಯದೇ ಇದ್ದದ್ದಕ್ಕೇ ನನಗೆ ಅಳು ಬಂತು.

ಈಗ ನನ್ನ ಗುಟ್ಟು ಕೇಳು. ಭಾರ್ಗವಿಯ ದೊಡ್ಡ ಪೆಟ್ಟು ಬಲಗೈಯದು. ಅದನ್ನು ಬೀಸುವ ಮುಂಚೆ ಅವಳ ಬಲಗಾಲಿನ ಹಿಮ್ಮಡಿ ಒಂದು ಬೆರಳಷ್ಟು ಮೇಲೇಳುತ್ತದೆ. ನೋಡುವವರಿಗೆ ಗೊತ್ತಾಗುವುದಿಲ್ಲ, ತಿನ್ನುವವಳಿಗೆ ಮಾತ್ರ ಗೊತ್ತಾಗುತ್ತದೆ. ಆದರೆ ಎದುರಿನವಳ ಮುಖ ಬಯಲಾಗಿ ಕಾಣುವ ತನಕ ಅವಳು ಆ ಪೆಟ್ಟು ಬೀಸುವುದೇ ಇಲ್ಲ. ಬಹಳ ಜಾಣೆ. ಹಾಗಾಗಿ ನಾನೇ ಮುಖ ಬಯಲು ಮಾಡಿದೆ. ಗದ್ದದ ಹತ್ತಿರ ಇರಬೇಕಾದ ಎಡಗೈಯನ್ನು ಬೇಕೆಂದೇ ಕೆಳಗಿಳಿಸಿದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ತಪ್ಪು ಇಲ್ಲ.

ಎರಡನೇ ಸುತ್ತಿನಲ್ಲಿ ಮೊದಲ ಸಲ ಇಳಿಸಿದಾಗ ನಾನು ತಡ ಮಾಡಿದೆ. ಪೆಟ್ಟು ನೇರ ಮೂಗಿಗೆ. ರಕ್ತ ಬಂತು. (ಈಗ ವಾಸಿಯಾಗಿದೆ, ಮೂಗು ಇದ್ದ ಜಾಗದಲ್ಲೇ ಇದೆ.) ಹಾಲ್ ಪೂರ್ತಿ "ಅರೆರೆ" ಎಂದಿತು. ಸರ್ "ಹಾತ್ ವರ್, ಹಾತ್ ವರ್" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಕೈ ಮೇಲಿಟ್ಟು ಆಡಿದರೆ ಮರ್ಯಾದೆಯಾಗಿ ಸೋಲುತ್ತೇನೆ, ಅದು ನನಗೆ ಖಾತ್ರಿ ಇತ್ತು. ಕೊನೆಯಲ್ಲಿ ಸಣ್ಣ ಸಣ್ಣ ಪೆಟ್ಟು ಸೇರಿಸುತ್ತಾ ಹೋದೆ, ಮೂವರು ಜಡ್ಜ್‌ಗಳು ಆ ಸುತ್ತನ್ನು ನನಗೆ ಕೊಟ್ಟರು.

ಮೂರನೇ ಸುತ್ತಿನಲ್ಲಿ ಮತ್ತೆ ಇಳಿಸಿದೆ. ಹಿಮ್ಮಡಿ ಎದ್ದಿತು. ಈ ಸಲ ನಾನು ಅವಳ ಕೈಯ ಕೆಳಗೆ ನುಸುಳಿ ಒಳಗೆ ಹೋದೆ, ಎಡಗೈಯಿಂದ ಅವಳ ದವಡೆಗೆ ಕೊಟ್ಟೆ. ಅಜ್ಜಿ, ಪೂರ್ತಿ ಬಲ ಹಾಕಿ ಅವಳನ್ನು ಹೊಡೆದದ್ದು ಅದೇ ಮೊದಲು. ಭಾರ್ಗವಿ ಎರಡು ಹೆಜ್ಜೆ ಹಿಂದೆ ಹೋಗಿ ಹಗ್ಗಕ್ಕೆ ಒರಗಿದಳು. ರೆಫರಿ ನನ್ನನ್ನು ದೂರ ಕಳಿಸಿ ಅವಳ ಮುಂದೆ ಬೆರಳೆತ್ತಿ ಎಂಟರ ತನಕ ಎಣಿಸಿದ. ಆಮೇಲೆ ಒಂದು ನಿಮಿಷ ಉಳಿದಿತ್ತು. ನಾವಿಬ್ಬರೂ ಏನು ಮಾಡಿದೆವೋ ನನಗೆ ನೆನಪಿಲ್ಲ.

ಮೂವರು ಜಡ್ಜ್‌ಗಳು ನನಗೆ, ಇಬ್ಬರು ಅವಳಿಗೆ. ರೆಫರಿ ಎತ್ತಿದ್ದು ನನ್ನ ಕೈ. ಅವನು ತಪ್ಪು ಕೈ ಎತ್ತಿದ ಎಂದುಕೊಂಡು ನಾನು ಕೆಳಗೆ ಎಳೆದುಕೊಂಡೆ. ಅವನು ನಗುತ್ತಾ ಮತ್ತೆ ಎತ್ತಿದ. ಭಾರ್ಗವಿ ಬಂದು ತಬ್ಬಿಕೊಂಡು ಕಿವಿಯಲ್ಲಿ "ಭಾಗ್ಯಶ್ರೀ" ಎಂದಳು, ಅಷ್ಟೇ.

ಮರುದಿನ ಕೊಲ್ಹಾಪುರದ ಹುಡುಗಿಯ ಎದುರು ಸೋತೆ. ಮೈಯೆಲ್ಲ ನೋವಿತ್ತು, ಅವಳು ಚೆನ್ನಾಗಿಯೂ ಆಡಿದಳು. ಹಾಗಾಗಿ ಕಂಚು. ನಲವತ್ತೆಂಟರಲ್ಲಿ ಸುಮ್ಮನೆ ಸಿಗುತ್ತಿದ್ದ ಅದೇ ಕಂಚು, ಅದೇ ಅಳತೆ, ಅದೇ ರಿಬ್ಬನ್. ಶನಿವಾರ ಕೊರಳಿಗೆ ಹಾಕಿದರು. ಬಾಗಿಲ ಕಡೆ ನೋಡಿದ್ದು ನಿಜ.

ಭಾಗ್ಯಾ


ನಾಸಿಕ್ ರೋಡ್
೩ ಫೆಬ್ರವರಿ ೨೦೨೫

ನನ್ನ ಹುಲಿಮರಿ,

ಮೂಗಿನ ಜಾಗದಲ್ಲಿ ನಾನು ಓದುವುದನ್ನು ನಿಲ್ಲಿಸಿ ನೀರು ಕುಡಿದೆ. ಹಿಮ್ಮಡಿಯ ಜಾಗದಲ್ಲಿ ನನಗೆ ತಿಳಿಯದೆಯೇ ಎದ್ದು ನಿಂತಿದ್ದೆ. ಟಪಾಲಿನ ಹರಿದಾಸ "ಆಜಿ, ಕಾಯ್ ಝಾಲಂ?" ಎಂದು ಕೇಳಿ, ಏನಾಯಿತು ಎಂಬಂತೆ ಕೈಸನ್ನೆಯನ್ನೂ ಮಾಡಿದ. ನನ್ನ ಮೊಮ್ಮಗಳು ಒಬ್ಬಳನ್ನು ಹೊಡೆದಳು ಎಂದೆ. ಅವನು ಗಾಬರಿಯಿಂದ ಸೈಕಲ್ ಹತ್ತಿದ.

ತಪ್ಪು ನಾಲ್ಕೇ. ನೋಡು, ಗೆದ್ದವರಿಗೆ ಒತ್ತಕ್ಷರವೂ ಮರ್ಯಾದೆ ಕೊಡುತ್ತದೆ.

ಆದರೆ ಒಂದು ಮಾತು ಮೂರು ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ನಿನ್ನವ್ವ ಮೊಬೈಲಿನಲ್ಲಿ ನಿನ್ನ ಫೋಟೊ ತೋರಿಸಿದಳು, ರೆಫರಿ ಕೈ ಎತ್ತಿ ಹಿಡಿದದ್ದು. ನಿನ್ನ ಕೊರಳು ಬರಿದಾಗಿತ್ತು. ಶಿವದಾರವೂ ಇರಲಿಲ್ಲ.

ತೂಕದ ಯಂತ್ರದ ಮೇಲೆ ಒಂದು ನಿಮಿಷ ತೆಗೆಯಲಾರೆ ಎಂದವಳು ಗುದ್ದಾಟದ ಹೊತ್ತಿನಲ್ಲಿ ಅದನ್ನು ಯಾರ ಕೈಗೆ ಕೊಟ್ಟಿದ್ದೆ ಭಾಗ್ಯಾ? ಕೊರಳಲ್ಲಿ ಏನಾದರೂ ಇದ್ದರೆ ಆಡಲು ಬಿಡುವುದಿಲ್ಲ ತಾನೆ? ಹಾಗಾದರೆ ಇಷ್ಟು ದಿನದ ಪ್ರಾಕ್ಟೀಸಿನಲ್ಲಿ?

ನಾನು ಸಿಟ್ಟಾಗಿಲ್ಲ. ಈ ಸಲ ಕೇಳಿದ ಪ್ರಶ್ನೆಗೇ ಉತ್ತರ ಬರಿ.

ಅಜ್ಜಿ


ಸಂಭಾಜಿನಗರ
೧೧ ಫೆಬ್ರವರಿ ೨೦೨೫

ಅಜ್ಜಿ,

ನಿನ್ನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ ಎಂದು ಗೊತ್ತಿತ್ತು. ಈ ಕಾಗದ ಐದನೇ ಸಲ ಬರೆಯುತ್ತಿರುವುದು.

ಬಂದ ಮೊದಲ ದಿನದಿಂದ ಪ್ರಾಕ್ಟೀಸಿನಲ್ಲಿ ಲಿಂಗ ತೆಗೆಯುತ್ತೇನೆ. ತೆಗೆಯದೆ ಗ್ಲೌಸ್ ಹಾಕಲು ಬಿಡುವುದಿಲ್ಲ. ತುಕಾರಾಮ್ ಸರ್ ತಮ್ಮ ಶರ್ಟಿನ ಒಳಜೇಬಿನಲ್ಲಿ, ತುಳಸಿಮಾಲೆಯ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಅವರು ಒಂದೂ ಬೈಗುಳ ಆಡುವುದಿಲ್ಲ. ನೀನು ಕೇಳಿದಾಗೆಲ್ಲ ನಾನು ಬೇರೆ ಏನೋ ಬರೆದೆ.

ಮುಂಜಾನೆ ಪೂಜೆ ಮುಗಿಸಿ ನೇರ ತೂಕಕ್ಕೆ ಹೋಗುತ್ತಿದ್ದೆನಲ್ಲ, ಆಗ ಮಾತ್ರ ಅದು ಕೊರಳಲ್ಲಿ ಇರುತ್ತಿತ್ತು. ನನ್ನ ತೂಕದ ವಹಿಯಲ್ಲಿ ಏಳು ತಿಂಗಳು ನಮ್ಮ ಶಿವನೂ ಸೇರಿದ್ದಾನೆ. ಡಿಸೆಂಬರಿನಲ್ಲಿ ನನಗೆ ಹೊಳೆಯಿತು. ಕರಡಿಗೆಯನ್ನು ಬೇರೆಯಾಗಿ ಇಟ್ಟು ತೂಗಿದೆ, ನೂರಾ ಎಂಬತ್ತು ಗ್ರಾಂ. ಯಾರಿಗೂ ಹೇಳಲಿಲ್ಲ.

ಸ್ಪರ್ಧೆಯ ದಿನ ಯಂತ್ರದ ಮೇಲೆ ನಿಂತಾಗ ನಲವತ್ತೆಂಟರ ಮೇಲೆ ನೂರು ಗ್ರಾಂ ತೋರಿಸಿತು. ಬರೆಯುವ ಮ್ಯಾಡಮ್ "ಗಳ್ಯಾತಲಂ ಕಾಢ್ ಬಾಳ, ಹೋಈಲ್ ತುಝಂ" ಎಂದರು. ಕೊರಳಿನದು ತೆಗಿ ಮಗು, ನಿನ್ನ ತೂಕ ಆಗುತ್ತದೆ ಎಂದು. ತೆಗೆದರೆ ನಲವತ್ತೇಳು ಕಿಲೋ ಒಂಬೈನೂರಾ ಇಪ್ಪತ್ತು. ಕಂಚು ಕೈಯಲ್ಲಿ, ಅಪ್ಪ ಬಿಳಿ ಶರ್ಟಿನಲ್ಲಿ. ಕೈ ಶಿವದಾರದ ತನಕ ಹೋಯಿತು ಅಜ್ಜಿ. ಅಲ್ಲಿಂದ ಭಾರ್ಗವಿ ಕಾಣುತ್ತಿದ್ದಳು, ತನ್ನ ಸರದಿಗೆ ಕಾಯುತ್ತಾ ಬಾಳೆಹಣ್ಣು ಸುಲಿಯುತ್ತಿದ್ದಳು. ನಾನು ಕೈ ಇಳಿಸಿ "ನಮ್ಮ ಧರ್ಮದಲ್ಲಿ ಇದನ್ನು ತೆಗೆಯುವ ಹಾಗಿಲ್ಲ" ಎಂದೆ.

ಧರ್ಮಕ್ಕಾಗಿ ಅಲ್ಲ. ನಿನ್ನ ಮಾತಿಗಾಗಿಯೂ ಅಲ್ಲ. ಅವಳ ಜೊತೆ ಆಡಬೇಕಿತ್ತು, ಅದಕ್ಕೆ. ಸರ್ ಓಡಿ ಬಂದು ಖಾಲಿ ಇದ್ದ ಐವತ್ತೊಂದರಲ್ಲಿ ಹೆಸರು ಸೇರಿಸಿದರು. ಅವರಿಗೆ ಎಲ್ಲ ಅರ್ಥವಾಗಿತ್ತು. "ತುಝಾ ಮಹಾದೇವ್ ಲಈ ಜಡ್ ಆಹೇ ಗ" ಎಂದರು, ನಿನ್ನ ಮಹಾದೇವ ಬಹಳ ಭಾರ ಇದ್ದಾನೆ ಕಣೇ ಎಂದು. ಅಪ್ಪನಿಗೆ ಫೋನಿನಲ್ಲಿ ನಿಜ ಹೇಳದೆ ಬಿಟ್ಟದ್ದೂ ನನಗಾಗಿಯೇ.

ನಾನು ಶಿವನನ್ನು ನೆಪ ಮಾಡಿಕೊಂಡೆ. ನಿನ್ನನ್ನು ಬೈಸಿದೆ. ಗೆದ್ದದ್ದಕ್ಕೆ ಬೇಜಾರಿಲ್ಲ, ಇದಕ್ಕೆ ಬೇಜಾರು. ಏನು ಶಿಕ್ಷೆ ಬೇಕಾದರೂ ಕೊಡು, ಕಾಗದ ಬರೆಯುವುದನ್ನು ಮಾತ್ರ ನಿಲ್ಲಿಸಬೇಡ.

ಭಾಗ್ಯಾ


ನಾಸಿಕ್ ರೋಡ್
೨೦ ಫೆಬ್ರವರಿ ೨೦೨೫

ಭಾಗ್ಯಾ,

ಕಳ್ಳಿ! ಓದಿ ಮುಗಿಸಿ ಒಬ್ಬಳೇ ಕೂತು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಲಿಂಗಪೂಜೆಗೆ ಕೂತು ನಿನ್ನ ಪರವಾಗಿ ಕ್ಷಮೆ ಕೇಳಿದೆ. ಶಿವ ಅಂಗೈಯಲ್ಲಿ ಸುಮ್ಮನೆ ಕೂತಿದ್ದ, ಅವನಿಗೂ ನಗು ಬಂದಿರಬೇಕು. ತುಳಸಿಮಾಲೆಯ ಪಕ್ಕದಲ್ಲಿ ಇದ್ದದ್ದಕ್ಕೆ ಅವನಿಗೇನೂ ಮೈಲಿಗೆಯಾಗಿಲ್ಲ, ತುಕಾರಾಮ್ ಸರ್‌ಗೆ ನನ್ನ ನಮಸ್ಕಾರ ಹೇಳು.

ನನ್ನ ಸಂಗತಿ ಕೇಳು. ಹೋದ ವಾರ ನಿನ್ನಪ್ಪ ಮತ್ತೆ ಪೇಪರಿನ ಅಂಚು ತಂದ. ಬರೆದದ್ದು ಇಷ್ಟು: "ಅವ್ವಾ, ಖರೇ ಹೇಳು. ನೀನೇ ತೆಗೀಬ್ಯಾಡ ಅಂದಿದ್ದೇನು? ಆಕಿ ತಾನಾಗೇ ಬೇಕಂತ ಮಾಡಿದ್ರ ನಾ ಆಕೀನ ಮನೀಗೆ ಕರಕೊಂಡು ಬರ್ತೀನಿ. ಸುಳ್ಳು ಹೇಳೋ ಮಕ್ಕಳನ್ನ ದೂರ ಇಡಬಾರದು." ನಿನ್ನ ಕಾಗದ ಆಗ ನನ್ನ ದಿಂಬಿನ ಕೆಳಗೇ ಇತ್ತು. ನಾನು ಲಿಂಗ ಮುಟ್ಟಿಕೊಂಡು "ನಾನೇ ಅಂದಿದ್ದೆ" ಎಂದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಕಲಿಸಿದ ಬಾಯಿ ಇದು. ಈಗ ನಾವಿಬ್ಬರೂ ಒಂದೇ ಬೆಂಚಿನವರು.

ಮಾರ್ಚ್ ಕೊನೆಯೊಳಗೆ ಮುಂದಿನ ವರ್ಷದ ಒಪ್ಪಿಗೆಪತ್ರ ಹೋಗಬೇಕಂತೆ, ಅವನ ಸಹಿ ಇಲ್ಲದೆ ಸೀಟಿಲ್ಲವಂತೆ. ಕಾಗದ ಬಂದು ಟೇಬಲಿನ ಮೇಲೆ ಕೂತಿದೆ. ನೀನು ಸುಮ್ಮನಿದ್ದರೆ ಸಹಿ ಬೀಳುತ್ತದೆ, ನಾನು ಸಾಯುವ ತನಕ ಬಾಯಿ ಬಿಡುವುದಿಲ್ಲ. ಹೇಳಿದರೆ ಏನಾಗುತ್ತದೋ ನನಗೆ ಗೊತ್ತಿಲ್ಲ. ನವೆಂಬರಿನಲ್ಲಿ ನಾನು ಹೇಳಿದ ಬುದ್ಧಿ ನೆಟ್ಟಗಿರಲಿಲ್ಲ, ಕಾಲು ಚಾಚದಿದ್ದರೆ ಹಾಸಿಗೆ ಎಷ್ಟು ಉದ್ದ ಎಂದು ಹೇಗೆ ಗೊತ್ತಾಗಬೇಕು? ಆದ್ದರಿಂದ ಈ ಸಲ ನಾನು ಬುದ್ಧಿ ಹೇಳುವುದಿಲ್ಲ.

ನಿನ್ನ ಅಜ್ಜಿ


ಸಂಭಾಜಿನಗರ
೨ ಮಾರ್ಚ್ ೨೦೨೫

ಅಪ್ಪಾ,

ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ. ಅಜ್ಜಿಯ ಕೆಂಪು ಪೆನ್ನು ಬೀಳುವ ಮುಂಚೆ ನೀವೇ ಓದಿ.

ಅಜ್ಜಿ ಹೇಳಿದ್ದು ಸುಳ್ಳು. ನನ್ನನ್ನು ಉಳಿಸಲು ಹೇಳಿದ್ದು. ಲಿಂಗ ತೆಗೆದಿದ್ದರೆ ನಾನು ನಲವತ್ತೆಂಟರಲ್ಲೇ ಇರುತ್ತಿದ್ದೆ. ಅದು ಗೊತ್ತಿದ್ದೇ ತೆಗೆಯಲಿಲ್ಲ. ದಿನಾ ಪ್ರಾಕ್ಟೀಸಿಗೆ ತೆಗೆಯುವವಳು ಅವತ್ತು ಮಾತ್ರ ತೆಗೆಯಲಿಲ್ಲ. ನೀವು ಅಷ್ಟು ಜೋಪಾನ ಮಾಡಿ ನನಗಾಗಿ ಇಟ್ಟಿದ್ದ ಪದಕವನ್ನು ನಾನೇ ಬಿಟ್ಟೆ. ಸೋತಿದ್ದರೂ ಇದೇ ಕಾಗದ ಬರೆಯುತ್ತಿದ್ದೆ ಎಂದು ಹೇಳಲು ಆಸೆ, ಆದರೆ ಅಷ್ಟು ಧೈರ್ಯ ಇರುತ್ತಿತ್ತೋ ಇಲ್ಲವೋ ಗೊತ್ತಿಲ್ಲ.

ಅಜ್ಜಿಯ ಜೊತೆ ಮಾತು ಬಿಡಬೇಡಿ. ನನ್ನನ್ನು ಮನೆಗೆ ಕರೆದುಕೊಂಡು ಹೋಗುವುದಾದರೆ ಬರುತ್ತೇನೆ, ಅಳುವುದಿಲ್ಲ. ಆದರೆ ಅಪ್ಪಾ, ನಾನು ಇಲ್ಲಿ ಇರಬೇಕು.

ನಿಮ್ಮ ಮಗಳು
ಭಾಗ್ಯಶ್ರೀ


ನಾಸಿಕ್ ರೋಡ್
೧೬ ಮಾರ್ಚ್ ೨೦೨೫

ಅವ್ವಾ ಭಾಗ್ಯಾ,

ಕನ್ನಡದಲ್ಲಿ ಕಾಗದ ಬರೆದು ಇಪ್ಪತ್ತು ವರ್ಷದ ಮೇಲಾಯಿತು. ತಪ್ಪಿದ್ದರೆ ನಕ್ಕುಬಿಡು.

ನಿನ್ನ ಕಾಗದ ಓದಿ ಎರಡು ದಿನ ಅನ್ನ ಸೇರಲಿಲ್ಲ. ಮನೆಯ ಇಬ್ಬರು ಹೆಂಗಸರು ಸೇರಿ ನನ್ನನ್ನು ಮಂಗ ಮಾಡಿದಿರಿ. ನಿನ್ನನ್ನು ಕರೆತರಲೆಂದು ಭಾನುವಾರದ ಬಸ್ಸಿಗೆ ಸೀಟನ್ನೂ ಕಾಯ್ದಿರಿಸಿದ್ದೆ. ಇದು ನಿನಗೆ ಗೊತ್ತಿರಲಿ.

ತುಕಾರಾಮ್ ಸರ್ ಜನವರಿಯಲ್ಲೇ ನಿನ್ನ ಪಂದ್ಯದ ವಿಡಿಯೋ ಕಳಿಸಿದ್ದರು. ಸಿಟ್ಟಿನಲ್ಲಿ ತೆಗೆದು ನೋಡಿರಲಿಲ್ಲ. ಶುಕ್ರವಾರ ಕಂಪನಿ ಬಸ್ಸಿನಲ್ಲಿ ನೋಡಿದೆ. ಪಕ್ಕದಲ್ಲಿ ನಮ್ಮ ಕಲಬುರಗಿಯ ವಿಶ್ವನಾಥಪ್ಪ ಕೂತಿದ್ದ. ನಾನು ತಪಾಸಣೆ ಮಾಡುವ ಮನುಷ್ಯ, ಯಾವುದನ್ನೂ ದೋಷ ಹುಡುಕದೆ ನೋಡಲಾರೆ. ಹಾಳೆ ತೆಗೆದು ಬರೆದುಕೊಂಡೆ: ಎಡಗೈ ಕೆಳಗೆ ಬಿದ್ದಿದೆ, ಎರಡನೇ ಸುತ್ತು. ಎಡಗೈ ಮತ್ತೆ ಕೆಳಗೆ, ಮೂರನೇ ಸುತ್ತು. ಅದೇ ತಪ್ಪು ಎರಡು ಸಲ ಮಾಡುತ್ತಾಳಲ್ಲ ಎಂದು ಮೈ ಉರಿಯಿತು. ಮನೆಗೆ ಬಂದು ಮತ್ತೆ ನೋಡಿದೆ. ಏಳನೇ ಸಲ ನೋಡುವಾಗ ನಿನ್ನ ಕಣ್ಣು ಎಲ್ಲಿದೆ ಎಂದು ಕಂಡಿತು. ನೀನು ಅವಳ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದೆ. ಆ ಕೈ ಬಿದ್ದದ್ದಲ್ಲ, ನೀನು ಇಳಿಸಿದ್ದು. ಆಗ ಹಾಳೆಯ ಮೇಲಿನ ಎರಡೂ ಸಾಲು ಹೊಡೆದು ಹಾಕಿದೆ.

ನಾನು ಎಲ್ಲದರಲ್ಲೂ ಅಪಾಯ ಕಡಿಮೆ ಮಾಡುವ ಕೆಲಸದವನು. ವಿಮಾನಕ್ಕೆ ಅದು ಸರಿ. ಮಗಳಿಗೂ ಅದೇ ಸರಿ ಎಂದುಕೊಂಡೆ. ಮೂಗಿಗೆ ಪೆಟ್ಟು ಬಿದ್ದ ಮೇಲೂ ಇನ್ನೊಂದು ಸಲ ಕೈ ಇಳಿಸಬೇಕಾದರೆ ಎಷ್ಟು ಧೈರ್ಯ ಬೇಕು ಎಂದು ಮರುದಿನ ವಿಶ್ವನಾಥಪ್ಪನಿಗೆ ಹೇಳುತ್ತಾ ಬಸ್ಸಿನಲ್ಲಿ ಅತ್ತುಬಿಟ್ಟೆ. ಅವನು ನಿನ್ನವ್ವನಿಗೆ ಹೇಳಿದ್ದಾನೆ, ಅದಕ್ಕೇ ಮುಚ್ಚಿಡದೆ ಬರೆಯುತ್ತಿದ್ದೇನೆ. ಪದಕ ಕೊಟ್ಟ ಶನಿವಾರ ನಾನು ಬರಬೇಕಿತ್ತು. ಬರಲಿಲ್ಲ. ಅದು ನನ್ನ ತಪ್ಪು, ನಿನ್ನ ತಪ್ಪಿಗಿಂತ ದೊಡ್ಡದು.

ನಿನ್ನ ಅಜ್ಜಿಯ ಜೊತೆ ಮಾತು ಶುರುವಾಗಿದೆ. ಅವಳೇ ಬಿಡುತ್ತಿಲ್ಲ. ಬಸ್ಸಿನ ಸೀಟು ರದ್ದು ಮಾಡಿದ್ದೇನೆ.

ಒಪ್ಪಿಗೆಪತ್ರ ಇದರ ಜೊತೆಗೇ ಇದೆ. ಹೆಸರು, ವಿಳಾಸ, ರಕ್ತದ ಗುಂಪು ಎಲ್ಲ ತುಂಬಿದ್ದೇನೆ, ಮೂರು ಸಲ ನೋಡಿದ್ದೇನೆ. ಮಗಳು ಯಾವ ತೂಕದ ವರ್ಗದಲ್ಲಿ ಆಡಲು ನಿಮ್ಮ ಒಪ್ಪಿಗೆ ಇದೆ ಎಂದು ಕೇಳಿರುವಲ್ಲಿ ಮಾತ್ರ ಏನೂ ಬರೆದಿಲ್ಲ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಖಾಲಿ ಜಾಗ ಇರುವ ಯಾವ ಕಾಗದಕ್ಕೂ ನಾನು ಸಹಿ ಹಾಕಿಲ್ಲ. ಇದಕ್ಕೆ ಹಾಕಿದ್ದೇನೆ.

ಆ ಜಾಗ ನೀನೇ ತುಂಬು.

ನಿನ್ನ ಅಪ್ಪ
ಮನ್ಮಥಪ್ಪ